ಚುನಾವಣೆಯ ಕೂಗೂ ಮತದಾರನ ಧರ್ಮವೂ

೧

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿ ಮುಗಿದ ಬಳಿಕ ನಾವು ಕೆಲವರು ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕುಳಿತಿದ್ದೆವು. ಮಾತು ಹೇಗೋ ಚುನಾವಣೆಯ ಕಡೆಗೆ ತಿರುಗಿತು. ಆಗ ಮಿತ್ರರೊಬ್ಬರು, "ನಾನಂತೂ ಇನ್ನು ಮುಂದೆ ಮತ ಹಾಕುವುದಿಲ್ಲವೆಂದು ನಿಶ್ಚಯಿಸಿಬಿಟ್ಟಿದ್ದೇನೆ, ಮೇಷ್ಟ್ರೇ. ವಾರಗಟ್ಟಲೆ ಆ ಕೂಗು, ಆ ಬೈಗುಳ, ಆ ಹುಸಿ ಭರವಸೆ, ಇವನ್ನೆಲ್ಲ ಸಹಿಸಿದ ಮೇಲೆ ಮತಗಟ್ಟೆಯ ಹೊಸ್ತಿಲು ತುಳಿಯುವುದಕ್ಕೆ ಮನಸ್ಸು ಹೇಸುತ್ತದೆ" ಎಂದರು. ಅವರು ಬಹುಶ್ರುತರು, ಲಂಚವನ್ನು ಮುಟ್ಟದೆ ಸರ್ಕಾರದ ನೌಕರಿಯನ್ನು ಮುಗಿಸಿದವರು, ಯಾರ ಮನಸ್ಸನ್ನೂ ನೋಯಿಸದವರು. ಅಲ್ಲಿದ್ದವರೆಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆನು. ಮನೆಗೆ ಹಿಂದಿರುಗಿದ ಮೇಲೆ ಮಾತ್ರ, ಹಾಗೆ ತಲೆದೂಗಿದುದು ಸರಿಯಾಯಿತೆ ಎಂಬ ಸಂಶಯವು ನನ್ನನ್ನು ಬಿಡದಾಯಿತು. ಆ ಸಂಶಯವೇ ಈ ಲೇಖನಕ್ಕೆ ಕಾರಣ.

ಮಿತ್ರರ ದೂರು ಸುಳ್ಳಲ್ಲ. ೨೦೨೩ನೆಯ ಇಸವಿ ಮೇ ೧೦ರಂದು ನಮ್ಮ ರಾಜ್ಯದ ವಿಧಾನಸಭೆಯ ೨೨೪ ಸ್ಥಾನಗಳಿಗೆ ಚುನಾವಣೆ ನಡೆಯಿತಷ್ಟೆ. ಅದಕ್ಕೆ ಮುಂಚಿನ ಮೂರು ವಾರಗಳಲ್ಲಿ ನಮ್ಮ ಬೀದಿಯಿದ್ದ ಸ್ಥಿತಿಯನ್ನು ನಾನು ಮರೆತಿಲ್ಲ. ಹೊತ್ತು ಮೂಡಿದೊಡನೆಯೆ ಧ್ವನಿವರ್ಧಕವನ್ನು ಕಟ್ಟಿಕೊಂಡ ಆಟೋರಿಕ್ಷಾ ಒಂದು ಬರುವುದು. ಸಿನಿಮಾ ಹಾಡಿನ ಮಟ್ಟಿಗೆ ಉಮೇದುವಾರರ ಹೆಸರನ್ನು ಹೊಂದಿಸಿ ಹಾಡುವುದು. ಅದು ತಿರುವಿನಲ್ಲಿ ಮರೆಯಾಗುವುದರೊಳಗೆ ಎದುರು ಪಕ್ಷದ ಆಟೋರಿಕ್ಷಾ ಅದೇ ಮಟ್ಟಿನಲ್ಲಿ ಬೇರೆ ಹೆಸರನ್ನು ಹಾಡುತ್ತ ಬರುವುದು. ನನ್ನ ಮನೆಯಾಕೆಗೆ ಆ ದಿನಗಳಲ್ಲಿ ಜ್ವರ. ಬೇಸಗೆಯ ಸೆಕೆಯಲ್ಲಿ ಕಿಟಕಿಬಾಗಿಲುಗಳನ್ನು ಮುಚ್ಚಿಕೊಂಡು ಕುಳಿತರೂ ಆ ಶಬ್ದವು ಗೋಡೆಯನ್ನು ತೂರಿ ಬರುತ್ತಿದ್ದಿತು. ಮೊಬೈಲು ಗಂಟೆ ಬಾರಿಸಿತೆಂದು ಎತ್ತಿಕೊಂಡರೆ ಪರಮಾಪ್ತರಂತೆ ನಮಸ್ಕಾರ ಹೇಳುವ ಕಂಠವೊಂದು ಕೇಳಿಬರುವುದು. ನಾವು ಮರುಮಾತಾಡಿದರೆ ಅದಕ್ಕೆ ಕಿವಿಯಿಲ್ಲ. ಅದು ಯಂತ್ರದೊಳಗೆ ತುಂಬಿಟ್ಟ ಧ್ವನಿ. ದಿನಪತ್ರಿಕೆಯ ಮುಖಪುಟವೇ ಜಾಹೀರಾತಾಗಿ, ಸಮಾಚಾರವನ್ನು ಒಳಪುಟಗಳಲ್ಲಿ ಹುಡುಕಬೇಕಾಗಿದ್ದಿತು. ಯಾರೋ ಬರೆದು, ಯಾರೋ ತಿದ್ದಿ, ಬಂಧುಗಳೇ ಕಳುಹಿಸಿದ ವಾಟ್ಸಾಪಿನ ಸಂದೇಶಗಳಲ್ಲಿ ನಿಜವಾವುದು, ಕಟ್ಟುಕಥೆಯಾವುದು ಎಂದು ಬೇರ್ಪಡಿಸುವುದು ಹಂಸಕ್ಕೂ ಅಸಾಧ್ಯವಾಗಿದ್ದಿತು.

ನಮ್ಮ ಹಿರಿಯರು ಪುರಾಣವೈರಾಗ್ಯ, ಪ್ರಸೂತಿವೈರಾಗ್ಯ, ಶ್ಮಶಾನವೈರಾಗ್ಯಗಳೆಂದು ಮೂರು ವೈರಾಗ್ಯಗಳನ್ನು ಎಣಿಸುತ್ತಿದ್ದರು. ಪುರಾಣ ಕೇಳುವಾಗ, ಪ್ರಸವದ ನೋವಿನಲ್ಲಿ, ಸುಡುಗಾಡಿನಲ್ಲಿ ಹುಟ್ಟಿ, ಅಲ್ಲಿಂದ ಎದ್ದು ಬಂದೊಡನೆಯೆ ಕರಗಿಹೋಗುವ ವೈರಾಗ್ಯಗಳಿವು. ಇವುಗಳ ಸಾಲಿಗೆ ಚುನಾವಣಾವೈರಾಗ್ಯವೆಂಬ ನಾಲ್ಕನೆಯದನ್ನು ಸೇರಿಸಬಹುದೆಂದು ತೋರುತ್ತದೆ. ಆದರೆ ಇದು ಮಿಕ್ಕ ಮೂರಕ್ಕಿಂತ ಅಪಾಯಕರವಾದುದು. ಹೇಗೆಂದರೆ, ಶ್ಮಶಾನದಿಂದ ಬಂದವನು ಮರುದಿನ ತನ್ನ ಕೆಲಸಕ್ಕೆ ಹೋಗುವನು. ಚುನಾವಣಾವೈರಾಗ್ಯ ಹಿಡಿದವನಾದರೋ ಕೆಲಸವನ್ನು ಬಿಟ್ಟುದನ್ನೇ ಒಂದು ಶುಚಿತ್ವವೆಂದು ಭಾವಿಸುವನು.

ಪ್ರಚಾರದ ಅಸಭ್ಯತೆಯಿಂದ ನಮ್ಮಲ್ಲಿ ಹುಟ್ಟುವ ಜುಗುಪ್ಸೆಯು ನಮ್ಮನ್ನು ಮತದಾರನ ಕರ್ತವ್ಯದಿಂದ ಬಿಡುಗಡೆ ಮಾಡಬಲ್ಲದೆ? ಇದೇ ಪ್ರಕೃತ ವಿಚಾರ.

೨

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳುವುದು ನ್ಯಾಯ.

ಪ್ರಚಾರಕ್ಕೆ ಕಟ್ಟಳೆಗಳಿಲ್ಲವೆಂದಲ್ಲ. ೧೯೫೧ನೆಯ ಇಸವಿಯ ಜನಪ್ರಾತಿನಿಧ್ಯ ಕಾಯಿದೆಯು ಲಂಚವನ್ನೂ, ಬೆದರಿಕೆಯನ್ನೂ, ಜಾತಿಮತಗಳ ಹೆಸರಿನಲ್ಲಿ ಮತ ಕೇಳುವುದನ್ನೂ, ಎದುರಾಳಿಯ ಶೀಲದ ವಿಷಯವಾಗಿ ಸುಳ್ಳೆಂದು ತಿಳಿದೂ ಮಾತಾಡುವುದನ್ನೂ ಭ್ರಷ್ಟಾಚರಣೆಗಳೆಂದು ಎಣಿಸಿದೆ. ಕರಪತ್ರವನ್ನು ಅಚ್ಚುಹಾಕಿದವರ ಮತ್ತು ಪ್ರಕಟಿಸಿದವರ ಹೆಸರು, ವಿಳಾಸಗಳು ಅದರ ಮೇಲೆ ಇರಲೇಬೇಕೆಂದು ವಿಧಿಸಿದೆ. ಮತದಾನವು ಮುಗಿಯುವ ಗಳಿಗೆಗೆ ಹಿಂದಿನ ೪೮ ಗಂಟೆಗಳಲ್ಲಿ ಬಹಿರಂಗ ಸಭೆಯನ್ನು ನಡೆಸಕೂಡದೆಂದಿದೆ. ರಾತ್ರಿ ೧೦ ಗಂಟೆಯಿಂದ ಬೆಳಗ್ಗೆ ೬ರ ವರೆಗೆ ಧ್ವನಿವರ್ಧಕಕ್ಕೆ ನಿಷೇಧವುಂಟು. ದೂರದರ್ಶನದ ವಾಹಿನಿಗಳಲ್ಲಿ ಬರುವ ರಾಜಕೀಯ ಜಾಹೀರಾತುಗಳನ್ನು ಮುಂಚಿತವಾಗಿ ಪರಿಶೀಲಿಸಿ ಒಪ್ಪಿಗೆ ಕೊಡುವ ಏರ್ಪಾಡು ಸರ್ವೋಚ್ಚ ನ್ಯಾಯಾಲಯದ ೨೦೦೪ರ ಆಜ್ಞೆಯಿಂದ ಬಂದಿದೆ. ಟಿ. ಎನ್. ಶೇಷನ್ ಅವರು ೧೯೯೦ರಿಂದ ೧೯೯೬ರ ವರೆಗೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಮಾದರಿ ನೀತಿಸಂಹಿತೆಯೆಂಬುದು ಕಾಗದದ ಮೇಲಿನ ಮಾತಲ್ಲವೆಂದು ತೋರಿಸಿಕೊಟ್ಟರು. ನಮ್ಮ ಊರಿನ ಗೋಡೆಗಳು ಹಿಂದಿನ ಕಾಲಕ್ಕಿಂತ ಇಂದು ಶುಭ್ರವಾಗಿರುವುದಕ್ಕೆ ಇಂಥ ಬಿಗಿಯೇ ಕಾರಣ.

ಆದರೂ ನೀರು ಕಟ್ಟೆಯ ಬಿರುಕನ್ನು ಹುಡುಕಿಕೊಂಡು ಹರಿಯುವಂತೆ, ಪ್ರಚಾರವು ಕಾಯಿದೆಯ ಸಂದುಗಳಲ್ಲಿ ಹರಿಯುತ್ತಿದೆ. ಆ ೪೮ ಗಂಟೆಗಳ ಮೌನವು ಸಭೆಗೂ ದೂರದರ್ಶನಕ್ಕೂ ಅನ್ವಯಿಸುವುದೇ ಹೊರತು ಅಚ್ಚಿನ ಪತ್ರಿಕೆಯು ಅದರೊಳಗೆ ಬಾರದು. ಕರಪತ್ರಕ್ಕೆ ಅಚ್ಚುಹಾಕಿದವನ ಹೆಸರು ಬೇಕು. ಕೈಯಿಂದ ಕೈಗೆ ಹಾರುವ ಮೊಬೈಲಿನ ಸಂದೇಶಕ್ಕೆ ತಂದೆತಾಯಿಗಳೇ ಇಲ್ಲ. ೨೦೨೨ರಲ್ಲಿ ಗೊತ್ತುಮಾಡಿದ ಪ್ರಕಾರ ನಮ್ಮಂಥ ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆಯ ಉಮೇದುವಾರನು ೪೦ ಲಕ್ಷ ರೂಪಾಯಿಗಳಿಗೂ, ಲೋಕಸಭೆಯ ಉಮೇದುವಾರನು ೯೫ ಲಕ್ಷ ರೂಪಾಯಿಗಳಿಗೂ ಹೆಚ್ಚಾಗಿ ಖರ್ಚುಮಾಡಕೂಡದು. ಅವನನ್ನು ನಿಲ್ಲಿಸಿದ ಪಕ್ಷವು ತನ್ನ ಸಾರ್ವತ್ರಿಕ ಪ್ರಚಾರಕ್ಕೆ ಎಷ್ಟು ಸುರಿದರೂ ಅದಕ್ಕೆ ಮಿತಿಯಿಲ್ಲ. ಪಕ್ಷವು ಉಮೇದುವಾರನಿಗಾಗಿ ಮಾಡುವ ಖರ್ಚನ್ನೂ ಅವನ ಲೆಕ್ಕಕ್ಕೇ ಹಿಡಿಯಬೇಕೆಂದು ೧೯೭೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದಾಗ, ಅದೇ ವರ್ಷ ಕಾಯಿದೆಯನ್ನೇ ತಿದ್ದಿ ಆ ತೀರ್ಪಿನ ಹಲ್ಲನ್ನು ಕೀಳಲಾಯಿತು. ಹಣವು ಎಲ್ಲಿಂದ ಬರುವುದೆಂಬುದನ್ನು ಮರೆಮಾಡಿದ ಚುನಾವಣಾ ಬಾಂಡುಗಳು ೨೦೧೮ರಿಂದ ನಡೆದುವು. ಮತದಾರನಿಗೆ ಅದನ್ನು ತಿಳಿಯುವ ಹಕ್ಕುಂಟೆಂದು ಹೇಳಿ ಸರ್ವೋಚ್ಚ ನ್ಯಾಯಾಲಯವು ೨೦೨೪ರ ಫೆಬ್ರವರಿ ೧೫ರಂದು ಆ ಯೋಜನೆಯನ್ನು ರದ್ದುಮಾಡಿತು.

ಹೀಗಿರಲಾಗಿ ಪೂರ್ವಪಕ್ಷದವರು ಹೇಳುವುದು ಇಷ್ಟು: ಈ ಆಟದ ನಿಯಮಗಳನ್ನು ಆಡುವವರೇ ಬರೆದುಕೊಳ್ಳುತ್ತಾರೆ. ನಮ್ಮನ್ನು ವಿಚಾರವಂತರೆಂದು ಅವರು ಎಣಿಸಿಯೇ ಇಲ್ಲ. ಸಾಬೂನು ಕೊಳ್ಳುವವರೆಂದು ಎಣಿಸಿದ್ದಾರೆ. ಗೌರವ ಕೊಡದವರ ಮನೆಯ ಔತಣಕ್ಕೆ ಹೋಗದಿರುವುದು ಮಾನವಂತರ ಲಕ್ಷಣವಲ್ಲವೆ?

೩

ಇದಕ್ಕೆ ಸಮಾಧಾನವನ್ನು ಹುಡುಕುವ ಮುನ್ನ, ಪ್ರಚಾರವೇ ಇಲ್ಲದ ಚುನಾವಣೆಯೊಂದು ಇರಬಲ್ಲದೆ ಎಂದು ನೋಡೋಣ. ಅಂಥದು ಇದ್ದಿತು. ತಮಿಳುನಾಡಿನ ಉತ್ತರಮೇರೂರಿನಲ್ಲಿ, ಚೋಳದೊರೆ ಮೊದಲನೆಯ ಪರಾಂತಕನ ಕಾಲದ, ಎಂದರೆ ಕ್ರಿಸ್ತಶಕ ೯೨೦ರ ಸುಮಾರಿನ ಶಾಸನಗಳುಂಟು. ಊರಿನ ಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ಅವು ವಿವರಿಸುತ್ತವೆ. ಅರ್ಹರ ಹೆಸರುಗಳನ್ನು ಓಲೆಗಳ ಮೇಲೆ ಬರೆದು, ಕೊಡದಲ್ಲಿ ಹಾಕಿ, ಏನೂ ಅರಿಯದ ಚಿಕ್ಕ ಹುಡುಗನಿಂದ ಎತ್ತಿಸುತ್ತಿದ್ದರು. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ಬಂಧುಗಳೂ ಅನರ್ಹರು. ಈ ನಿಯಮವನ್ನು ಓದುವಾಗ ಯಾರಿಗಾದರೂ ಅಸೂಯೆಯಾಗದಿರದು. ಅಲ್ಲಿ ಧ್ವನಿವರ್ಧಕವೂ ಬೇಕಿಲ್ಲ, ಭಿತ್ತಿಪತ್ರವೂ ಬೇಕಿಲ್ಲ. ಏತಕ್ಕೆಂದರೆ, ಕೊಡದೊಳಗಿನ ಓಲೆಯನ್ನು ಎತ್ತುವ ಬಾಲಕನನ್ನು ಒಲಿಸಿಕೊಂಡು ಫಲವಿಲ್ಲ.

ಆದರೆ ಆ ಕೊಡದೊಳಗೆ ಯಾರ ಹೆಸರು ಹೋಗುತ್ತಿದ್ದಿತು? ಕಂದಾಯ ಕೊಡುವ ಸ್ವಂತ ಭೂಮಿಯೂ ಮನೆಯೂ ಇದ್ದು, ವೇದವನ್ನು ಓದಿ, ೩೫ ವರ್ಷ ಮೇಲ್ಪಟ್ಟು ೭೦ಕ್ಕೆ ಒಳಪಟ್ಟ ಗಂಡಸರ ಹೆಸರು ಮಾತ್ರ. ಆ ಭೂಮಿಯನ್ನು ಉತ್ತವರಿಗೂ, ಆ ಮನೆಯಲ್ಲಿ ಅಡುಗೆ ಮಾಡಿದವರಿಗೂ ಅಲ್ಲಿ ಸ್ಥಳವಿರಲಿಲ್ಲ. ನಮ್ಮ ನಾಡಿನಲ್ಲಿಯೇ ದಿವಾನ್ ರಂಗಾಚಾರ್ಲು ಅವರು ೧೮೮೧ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದಾಗ, ಅದು ಭಾರತದ ದೇಶೀಯ ಸಂಸ್ಥಾನಗಳಿಗೆಲ್ಲ ಮೇಲ್ಪಂಕ್ತಿಯಾದುದು ನಿಜ. ಆದರೆ ಆ ಮೊದಲ ಸಭೆಗೆ ಬಂದವರು ಚುನಾಯಿತರಲ್ಲ, ಭೂಮಿಯುಳ್ಳವರೂ ವರ್ತಕರೂ ಮೊದಲಾದ ಪ್ರಮುಖರು. ಅಲ್ಲಿಯೂ ಬೀದಿಯಲ್ಲಿ ಕೂಗುವ ಅಗತ್ಯವಿರಲಿಲ್ಲ.

ಕೂಗು ಆರಂಭವಾದುದು ಎಲ್ಲರಿಗೂ ಮತ ಬಂದಾಗ. ೧೯೫೧ರ ಅಕ್ಟೋಬರಿನಿಂದ ೧೯೫೨ರ ಫೆಬ್ರವರಿಯ ವರೆಗೆ ನಡೆದ ಪ್ರಥಮ ಮಹಾಚುನಾವಣೆಯಲ್ಲಿ ಮತದಾರರ ಸಂಖ್ಯೆ ಸುಮಾರು ೧೭ ಕೋಟಿ ೩೨ ಲಕ್ಷ. ಅವರಲ್ಲಿ ಬಹುಪಾಲು ಮಂದಿ ಅಕ್ಷರವನ್ನು ಕಲಿಯದವರು. ಅವರಿಗಾಗಿಯೇ ಚಿಹ್ನೆಗಳನ್ನು ಕಲ್ಪಿಸಿ, ಒಬ್ಬೊಬ್ಬ ಉಮೇದುವಾರನಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಯನ್ನು ಇಟ್ಟರು. ಸುಮಾರು ೨೮ ಲಕ್ಷ ಹೆಂಗಸರು ತಮ್ಮ ಹೆಸರನ್ನು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಯಿಸಿದುದರಿಂದ ಅವರು ಪಟ್ಟಿಯಿಂದಲೇ ಬಿಟ್ಟುಹೋದರು. ಮುಖ್ಯ ಆಯುಕ್ತರಾಗಿದ್ದ ಸುಕುಮಾರ ಸೇನರು ಈ ವಿಷಯದಲ್ಲಿ ಕಠಿನರಾದುದರಿಂದಲೇ ಮುಂದಿನ ಚುನಾವಣೆಯ ವೇಳೆಗೆ ಹೆಣ್ಣುಮಕ್ಕಳು ತಮ್ಮ ಹೆಸರಿನಿಂದಲೇ ಪಟ್ಟಿಗೆ ಸೇರತೊಡಗಿದರು. ಅಂಥ ಅಸಂಖ್ಯಾತ ಮಂದಿಗೆ ಯಾರು ನಿಂತಿದ್ದಾರೆ, ಏತಕ್ಕೆ ನಿಂತಿದ್ದಾರೆ ಎಂಬುದನ್ನು ಯಾರಾದರೂ ಹೋಗಿ ಹೇಳಲೇಬೇಕಾಗಿದ್ದಿತು. ಪ್ರಚಾರವು ಹುಟ್ಟಿದುದು ಈ ಅಗತ್ಯದಿಂದ. ಅಲ್ಲದೆ, ಪ್ರಚಾರವನ್ನು ಪೂರ್ತಿಯಾಗಿ ನಿಲ್ಲಿಸಿದರೆ ಲಾಭವಾಗುವುದು ಯಾರಿಗೆ? ಈಗಾಗಲೇ ಗದ್ದುಗೆಯ ಮೇಲಿದ್ದು ಎಲ್ಲರಿಗೂ ಹೆಸರು ಗೊತ್ತಿರುವವನಿಗೆ. ಹೊಸಬನಿಗೂ ಬಡವನಿಗೂ ಬಾಯಿಯೇ ಬಂಡವಾಳ. ಆದಕಾರಣ ಕೂಗನ್ನು ಸಂಪೂರ್ಣವಾಗಿ ಅಡಗಿಸಬೇಕೆಂಬ ಆಸೆಯು ಮೇಲ್ನೋಟಕ್ಕೆ ಸಾತ್ತ್ವಿಕವಾಗಿ ಕಂಡರೂ, ಅದರೊಳಗೆ ಹಳೆಯ ಕೊಡದ ಕಡೆಗೆ ಹಿಂದಿರುಗುವ ಆಸೆ ಅಡಗಿದೆ.

೪

ಪಾಠಶಾಲೆಯಲ್ಲಿ ನನಗೆ ತರ್ಕವನ್ನು ಹೇಳಿಕೊಟ್ಟ ಗುರುಗಳು, ಗೌತಮರ ನ್ಯಾಯಸೂತ್ರಗಳಲ್ಲಿ ಬರುವ ಕಥಾವಿಭಾಗವನ್ನು ಬಹು ರಸವತ್ತಾಗಿ ವಿವರಿಸುತ್ತಿದ್ದರು. ಅಲ್ಲಿ ಕಥೆಯೆಂದರೆ ಎರಡು ಪಕ್ಷಗಳ ನಡುವಣ ಮಾತು. ಅದು ಮೂರು ವಿಧ. ತತ್ತ್ವವನ್ನು ತಿಳಿಯುವ ಒಂದೇ ಬಯಕೆಯಿಂದ ನಡೆಯುವುದು ವಾದ. ಗೆಲ್ಲಬೇಕೆಂಬ ಬಯಕೆಯಿಂದ, ಸಂದರ್ಭ ಬಂದರೆ ಮೋಸದ ಮಾತನ್ನೂ ಬಳಸಿ ನಡೆಸುವುದು ಜಲ್ಪ. ತನ್ನದೆಂದು ಒಂದು ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯನ್ನು ಕೆಡವುವುದೇ ಗುರಿಯಾದುದು ವಿತಂಡೆ. ನಮ್ಮ ಚುನಾವಣಾ ಭಾಷಣಗಳು ಯಾವ ವರ್ಗಕ್ಕೆ ಸೇರಿದುವೆಂಬುದನ್ನು ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಮೋಸದ ಮಾತಿಗೆ ಆ ಶಾಸ್ತ್ರದಲ್ಲಿ ಛಲವೆಂದು ಹೆಸರು. ಅದಕ್ಕೆ ಭಾಷ್ಯಕಾರರು ಕೊಡುವ ಉದಾಹರಣೆಯು ಪ್ರಸಿದ್ಧವಾದುದು. ಹುಡುಗನೊಬ್ಬನು ಹೊಸ ಕಂಬಳಿಯನ್ನು ಹೊದ್ದಿರುವುದನ್ನು ಕಂಡು ಒಬ್ಬನು 'ಇವನು ನವಕಂಬಲನು' ಎನ್ನುತ್ತಾನೆ. ನವವೆಂದರೆ ಹೊಸದೆಂದೂ ಆಗುವುದು, ಒಂಬತ್ತೆಂದೂ ಆಗುವುದು. ಇದನ್ನೇ ಹಿಡಿದು ಎದುರಾಳಿಯು, 'ಎಲ್ಲಿವೆ ಒಂಬತ್ತು ಕಂಬಳಿಗಳು? ಇರುವುದು ಒಂದೇ' ಎಂದು ಸಭೆಯನ್ನು ನಗಿಸುತ್ತಾನೆ. ಎದುರು ಪಕ್ಷದವನ ಅರ್ಧ ವಾಕ್ಯವನ್ನು ಕತ್ತರಿಸಿ ಊರೂರಿಗೆ ಹಂಚುವ ಇಂದಿನ ಕೌಶಲವು ಇದರ ಮೊಮ್ಮಗ. ಈಗಲಂತೂ, ಆಡದ ಮಾತನ್ನು ಆಡಿದಂತೆ ಅವನ ಮುಖದಲ್ಲಿಯೇ ತೋರಿಸುವ ಯಂತ್ರಗಳು ಬಂದಿವೆ. ಅಂಥ ಕೃತಕ ದೃಶ್ಯವು ಗಮನಕ್ಕೆ ಬಂದ ೩ ಗಂಟೆಗಳೊಳಗಾಗಿ ಅದನ್ನು ತೆಗೆದುಹಾಕಬೇಕೆಂದು ಚುನಾವಣಾ ಆಯೋಗವು ೨೦೨೪ರ ಮೇ ತಿಂಗಳಿನಲ್ಲಿ ಪಕ್ಷಗಳಿಗೆ ಸೂಚಿಸಬೇಕಾಯಿತು.

ಆದರೆ ನಾನು ಹೇಳಹೊರಟ ಮುಖ್ಯ ವಿಷಯ ಇದಲ್ಲ. ನಮ್ಮ ತಾರ್ಕಿಕರು ಒಂದು ಸೂಕ್ಷ್ಮವನ್ನು ಕಂಡಿದ್ದರು. ತತ್ತ್ವವನ್ನೇ ಬಯಸುವ ಇಬ್ಬರು ಸೇರಿದರೆ ಮೂರನೆಯವನು ಬೇಕಿಲ್ಲ. ಗುರುಶಿಷ್ಯರ ವಾದಕ್ಕೆ ತೀರ್ಪುಗಾರನು ಏತಕ್ಕೆ? ಗೆಲುವನ್ನು ಬಯಸುವವರು ಸೇರಿದಲ್ಲಿಯೇ ಮಧ್ಯಸ್ಥನು ಅವಶ್ಯ. ಎರಡು ಮಾತನ್ನೂ ಕೊನೆಯ ವರೆಗೆ ಕೇಳಿ, ಛಲವನ್ನು ಛಲವೆಂದು ಗುರುತಿಸಿ, ಇವನು ಸೋತನೆಂದು ಹೇಳುವವನು ಅವನು. ಮಾತು ಎಷ್ಟು ಕೆಟ್ಟದಾಗುವುದೋ ಅಷ್ಟರಮಟ್ಟಿಗೆ ಮಧ್ಯಸ್ಥನ ಆವಶ್ಯಕತೆ ಹೆಚ್ಚುವುದು. ಇಲ್ಲಿ ಜಲ್ಪ ನಡೆಯುತ್ತಿದೆ, ಆದ್ದರಿಂದ ನಾನು ಎದ್ದುಹೋಗುತ್ತೇನೆ ಎಂದು ಮಧ್ಯಸ್ಥನು ಹೇಳಿದರೆ, ಇಲ್ಲಿ ರೋಗವಿದೆ, ಆದ್ದರಿಂದ ನಾನು ಹೋಗುತ್ತೇನೆ ಎಂದು ವೈದ್ಯನು ಹೇಳಿದಂತಾಯಿತು.

ಚುನಾವಣೆಯ ಸಭೆಯಲ್ಲಿ ಮತದಾರನೇ ಮಧ್ಯಸ್ಥನು. ಅವನು ಪ್ರೇಕ್ಷಕನಲ್ಲ, ಅತಿಥಿಯಲ್ಲ, ಗಿರಾಕಿಯೂ ಅಲ್ಲ. ಔತಣಕ್ಕೆ ಹೋಗದಿರುವ ಮಾನವಂತನ ಉಪಮಾನವು ಇಲ್ಲಿ ಸಲ್ಲದಿರುವುದು ಇದಕ್ಕಾಗಿಯೇ: ಮನೆ ನಮ್ಮದು, ಬಂದವರು ಅವರು. ಸಭೆಗೆ ಹೋಗದೆ ಇರಬಹುದು, ಹೋದಮೇಲೆ ಸರಿಯಾದುದನ್ನು ಹೇಳಲೇಬೇಕು, ಮೌನವಾಗಿದ್ದರೂ ದೋಷವೇ ಎಂದು ಧರ್ಮಶಾಸ್ತ್ರಕಾರರು ವಿಧಿಸಿದ್ದಾರೆ. ಆ ಕಾಲದವರಿಗೆ ಹೋಗದಿರುವ ಸ್ವಾತಂತ್ರ್ಯವಾದರೂ ಇದ್ದಿತು. ಪ್ರಜಾಪ್ರಭುತ್ವದಲ್ಲಿ ೧೮ ವರ್ಷ ತುಂಬಿದ ದಿನವೇ ನಾವು ಸಭೆಯನ್ನು ಪ್ರವೇಶಿಸಿಬಿಟ್ಟಿರುತ್ತೇವೆ. ಹೊರಗಿನ ಜಗಲಿಯೆಂಬುದೇ ಇಲ್ಲ.

೫

ಇಷ್ಟನ್ನೂ ಬಲ್ಲವನಂತೆ ಬರೆಯುತ್ತಿರುವ ನಾನು ನಡೆದುಕೊಂಡುದು ಹೇಗೆ ಎಂಬುದನ್ನು ಮುಚ್ಚಿಡುವುದು ಅಪ್ರಾಮಾಣಿಕತೆಯಾದೀತು.

ಉಪಾಧ್ಯಾಯರಾದವರಿಗೆ ಮತಗಟ್ಟೆಯ ಕೆಲಸವು ತಪ್ಪದು. ನನ್ನ ನೌಕರಿಯ ಅವಧಿಯಲ್ಲಿ ಎಷ್ಟೋ ಚುನಾವಣೆಗಳಲ್ಲಿ ಹಿಂದಿನ ದಿನವೇ ಪೆಟ್ಟಿಗೆಗಳೊಡನೆ ಯಾವುದೋ ಹಳ್ಳಿಯ ಶಾಲೆಯನ್ನು ಸೇರಿ, ಮಕ್ಕಳ ಬೆಂಚುಗಳ ಮೇಲೆ ಮಲಗಿ, ಬೆಳಗ್ಗೆ ಮತದಾರರ ಎಡಗೈ ತೋರುಬೆರಳಿಗೆ ಶಾಯಿಯನ್ನು ಹಚ್ಚಿದ್ದೇನೆ. ಆ ಅಳಿಸಲಾಗದ ಶಾಯಿಯು ನಮ್ಮ ಮೈಸೂರಿನಲ್ಲಿಯೇ ತಯಾರಾಗಿ ೧೯೬೨ರ ಚುನಾವಣೆಯಿಂದೀಚೆಗೆ ದೇಶಕ್ಕೆಲ್ಲ ಹೋಗುತ್ತಿದೆ ಎಂಬುದನ್ನು ಕಿರಿಯ ಸಹೋದ್ಯೋಗಿಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆನು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ರಟ್ಟಿನ ಮರೆಯ ಹಿಂದಿನ ಮೌನ. ವಾರಗಟ್ಟಲೆ ನಡೆದ ಕೂಗೆಲ್ಲವೂ ಅಲ್ಲಿಗೆ ಬಂದು ನಿಲ್ಲುವುದು. ಕೂಲಿಗೆ ಹೋಗುವ ಮುದುಕಿಯೊಬ್ಬಳು ಆ ಮರೆಯ ಹಿಂದೆ ನಿಂತು ಯೋಚಿಸುವ ಅರ್ಧ ನಿಮಿಷದಲ್ಲಿ ಮಂತ್ರಿಗಳೂ ಅವಳ ಮುಂದೆ ಪರೀಕ್ಷೆಗೆ ಕುಳಿತ ಹುಡುಗರು.

ಹೀಗೆ ಇತರರ ಬೆರಳಿಗೆ ಶಾಯಿ ಹಚ್ಚಿದವನು, ೨೦೨೩ರ ಮೇ ೧೦ರಂದು ಮನೆಯಲ್ಲಿಯೇ ಕುಳಿತಿದ್ದೆನು. ಅದಕ್ಕೆ ನಾಲ್ಕು ದಿನ ಮುಂಚೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕರಪತ್ರಗಳ ಕಟ್ಟನ್ನು ಹಿಡಿದು ಬಾಗಿಲಿಗೆ ಬಂದಿದ್ದನು. ಜ್ವರದ ಮನೆ, ಶಬ್ದದ ಕಾಟ, ಮನಸ್ಸಿನಲ್ಲಿ ಕುದಿಯುತ್ತಿದ್ದ ಸಿಟ್ಟು. ಅವನ ಮುಖವನ್ನು ಕಂಡೊಡನೆಯೆ, "ನೀನೂ ಈ ಕೆಲಸಕ್ಕಿಳಿದೆಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕದವನ್ನು ಹಾಕಿಕೊಂಡೆನು. ಮತದಾನದ ದಿನ, ಹೋಗದಿರುವುದೇ ನನ್ನ ಮತವೆಂದು ನನಗೆ ನಾನೇ ಹೇಳಿಕೊಂಡೆನು. ಯಾರೂ ಬೇಡವೆಂಬುದನ್ನು ಹೇಳುವುದಕ್ಕೂ ೨೦೧೩ರಿಂದ ಯಂತ್ರದಲ್ಲಿ ನೋಟಾ ಎಂಬ ಗುಂಡಿಯುಂಟು. ಅದನ್ನು ಒತ್ತುವುದಕ್ಕಾದರೂ ನಾನು ಹೋಗಲಿಲ್ಲ.

ಒಂದೆರಡು ದಿನಗಳ ಮೇಲೆ ಅಂಚೆಕಚೇರಿಯ ಸಾಲಿನಲ್ಲಿ ಅವನೇ ಸಿಕ್ಕಿದನು. ನಮಸ್ಕರಿಸಿದವನ ಕಣ್ಣು ನನ್ನ ಎಡಗೈಯ ಮೇಲೆ ಒಂದು ಕ್ಷಣ ನಿಂತು, ಕೂಡಲೇ ಬೇರೆ ಕಡೆಗೆ ಹೊರಳಿತು. ಶಾಯಿಯಿಲ್ಲದ ಬೆರಳೂ ಒಂದು ಕಲೆಯೆಂದು ಆ ದಿನ ನನಗೆ ತಿಳಿಯಿತು. ನಾನೇ ಮಾತು ತೆಗೆದು, "ಅಷ್ಟೊಂದು ಕೂಗದಿದ್ದರೆ ನಿಮಗೆ ಆಗುವುದಿಲ್ಲವೇನಪ್ಪ?" ಎಂದೆನು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ತಾವು ತಪ್ಪು ತಿಳಿಯಬಾರದು. ನಾನು ಮೂರು ಚುನಾವಣೆಗಳಿಂದ ಮನೆಮನೆಗೆ ಹೋಗುತ್ತಿದ್ದೇನೆ. ಪ್ರಣಾಳಿಕೆಯ ಒಂದು ಪುಟವನ್ನಾದರೂ ಓದಿ, ಇದು ಹೇಗೆ ಆಗುತ್ತದೆ ಎಂದು ನನ್ನನ್ನು ಕೇಳಿದವರು ಒಬ್ಬರೂ ಇಲ್ಲ. ಕೆಲವರು ಎಷ್ಟು ಕೊಡುತ್ತೀರಿ ಎನ್ನುತ್ತಾರೆ. ತಮ್ಮಂಥವರು ಬಾಗಿಲು ಹಾಕಿಕೊಳ್ಳುತ್ತೀರಿ. ಕೇಳುವವರೇ ಇಲ್ಲದಿದ್ದರೆ ಕೂಗುವುದೊಂದೇ ಉಳಿಯುತ್ತದೆ" ಎಂದನು.

ಅವನ ಮಾತಿನಲ್ಲಿ ಉದ್ಧಟತನವಿರಲಿಲ್ಲ. ಅದರಿಂದಲೇ ಅದು ನೆಟ್ಟಿತು.

೬

ಕೇಳುವುದೆಂಬ ನಮ್ಮ ಅಚ್ಚಗನ್ನಡದ ಮಾತಿಗೆ ಎರಡು ಅರ್ಥಗಳು: ಕಿವಿಗೊಡುವುದು ಒಂದು, ಪ್ರಶ್ನಿಸುವುದು ಇನ್ನೊಂದು. ಈ ಎರಡನ್ನೂ ನಮ್ಮ ಭಾಷೆ ಒಂದೇ ಮಾತಿನಲ್ಲಿ ಅಡಗಿಸಿರುವುದು ಅರ್ಥವತ್ತಾಗಿದೆ. ಪ್ರಶ್ನಿಸಬೇಕೆಂಬ ಮನಸ್ಸಿಲ್ಲದವನು ನಿಜವಾಗಿ ಕಿವಿಗೊಡಲಾರನು. ಕಿವಿಗೊಡದವನು ಸರಿಯಾಗಿ ಪ್ರಶ್ನಿಸಲಾರನು. ಅಂತೆಯೇ ಮತವೆಂಬ ಸಂಸ್ಕೃತ ಶಬ್ದವು ಆಲೋಚಿಸುವುದೆಂಬ ಅರ್ಥದ ಧಾತುವಿನಿಂದ ಬಂದುದು. ಆಲೋಚಿಸಿ ನಿಶ್ಚಯಿಸಿದುದು ಮತ. ಹಾಗಾದರೆ ಗುಂಡಿಯನ್ನೊತ್ತಿದ ಮಾತ್ರಕ್ಕೆ ಮತವಾಗದು. ಕೇಳದೆ ಒತ್ತಿದವನೂ, ಕೇಳಲಾರದೆ ಮನೆಯಲ್ಲಿ ಕುಳಿತವನೂ ಒಂದೇ ತಪ್ಪಿನ ಎರಡು ಮುಖಗಳು.

ಏನನ್ನು ಕೇಳಬೇಕು? ಇದಕ್ಕೆ ಮೀಮಾಂಸಕರು ನಮಗೆ ಸಿದ್ಧವಾದ ಸಲಕರಣೆಯೊಂದನ್ನು ಕೊಟ್ಟಿದ್ದಾರೆ. ಯಾವುದನ್ನಾದರೂ ಮಾಡಬೇಕೆಂಬ ವಿಧಿಯು ಕಿವಿಗೆ ಬಿದ್ದೊಡನೆಯೆ ಮೂರು ಆಕಾಂಕ್ಷೆಗಳು ಏಳುತ್ತವೆ ಎನ್ನುತ್ತಾರೆ ಅವರು: ಏನನ್ನು ಸಾಧಿಸುವುದು, ಯಾವುದರಿಂದ ಸಾಧಿಸುವುದು, ಹೇಗೆ ಸಾಧಿಸುವುದು. ಈ ಮೂರಕ್ಕೂ ಉತ್ತರ ದೊರೆತಲ್ಲದೆ ವಾಕ್ಯವು ಪೂರ್ಣವಾಗದು. ಬರಿಯ ಹೊಗಳಿಕೆಯ ಮಾತಿಗೆ ಅವರು ಅರ್ಥವಾದವೆಂದು ಹೆಸರಿಟ್ಟು, ವಿಧಿಯೊಂದಕ್ಕೆ ಸೇರಿಕೊಂಡಲ್ಲದೆ ಅದಕ್ಕೆ ಪ್ರಯೋಜನವಿಲ್ಲವೆಂದು ತೀರ್ಮಾನಿಸಿದರು. ನಮ್ಮ ಪ್ರಚಾರದಲ್ಲಿ ನೂರಕ್ಕೆ ತೊಂಬತ್ತು ಪಾಲು ಇಂಥ ಒಂಟಿ ಅರ್ಥವಾದವೆಂದು ನನಗೆ ತೋರುತ್ತದೆ. ಊರಿಗೆ ನಲ್ಲಿಯ ನೀರು ಬರುವುದೆಂದು ಉಮೇದುವಾರನು ಹೇಳಿದರೆ, ಯಾವ ಬೀದಿಗೆ, ದಿನಕ್ಕೆಷ್ಟು ಹೊತ್ತು ಎಂಬುದು ಮೊದಲನೆಯ ಪ್ರಶ್ನೆ. ಯಾವ ಕೆರೆಯಿಂದ, ಯಾವ ಹಣದಿಂದ ಎಂಬುದು ಎರಡನೆಯದು. ಯಾರು ಮಾಡುವರು, ಯಾವ ವರ್ಷದೊಳಗೆ ಎಂಬುದು ಮೂರನೆಯದು. ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಶಾಸ್ತ್ರಪಾಂಡಿತ್ಯವೇನೂ ಬೇಕಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ಗೃಹಿಣಿಯು ಇದಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಕೇಳುತ್ತಾಳೆ.

ಮರುವರ್ಷ, ೨೦೨೪ರ ಲೋಕಸಭಾ ಚುನಾವಣೆಯ ಕಾಲದಲ್ಲಿ, ಆ ಹಳೆಯ ವಿದ್ಯಾರ್ಥಿಯು ನಮ್ಮ ಬೀದಿಗೆ ಬಂದಾಗ ನಾನೇ ಅವನನ್ನು ಕರೆದು ಜಗಲಿಯ ಮೇಲೆ ಕೂರಿಸಿ, ಪಕ್ಕದ ಮನೆಗಳ ಐದಾರು ಮಂದಿಯನ್ನೂ ಸೇರಿಸಿದೆನು. ಅವನ ಕರಪತ್ರದಲ್ಲಿದ್ದ ಒಂದು ಭರವಸೆಯನ್ನು ಹಿಡಿದು ಮೂರು ಪ್ರಶ್ನೆಗಳನ್ನೂ ಕೇಳಿದೆವು. ಮೂರರಲ್ಲಿ ಒಂದಕ್ಕೂ ಅವನಲ್ಲಿ ಉತ್ತರವಿರಲಿಲ್ಲ. ಚೀಟಿಯಲ್ಲಿ ಬರೆದುಕೊಂಡು ಹೋದವನು ಮೂರು ದಿನಗಳ ಮೇಲೆ ಬಂದು ಒಂದಕ್ಕೆ ಉತ್ತರವನ್ನು ಹೇಳಿದನು. ಮಿಕ್ಕೆರಡನ್ನು ಮೇಲಿನವರಿಗೆ ಕೇಳಿದ್ದೇನೆ, ಅವರಿಗೂ ತಿಳಿಯದಂತೆ ಕಾಣುತ್ತದೆ ಎಂದು ನಿಜವನ್ನೇ ನುಡಿದನು. ಎದುರು ಪಕ್ಷದವರು ಬಂದಾಗ ಅವರನ್ನೂ ಅದೇ ಕ್ರಮದಲ್ಲಿ ಕೇಳಿದೆವು. ಅವರಲ್ಲೊಬ್ಬರು ಸಿಟ್ಟಾದರು. ಇದರಿಂದ ಲೋಕವೇನೂ ಬದಲಾಗಲಿಲ್ಲ. ಆಟೋರಿಕ್ಷಾಗಳು ಹಾಡುತ್ತಲೇ ಇದ್ದುವು. ಆದರೆ ಮತಗಟ್ಟೆಯ ಮರೆಯ ಹಿಂದೆ ನಿಂತಾಗ, ಬಹುಕಾಲದ ಮೇಲೆ, ನನ್ನ ಕಿವಿಯಲ್ಲಿ ಕೂಗು ಇರಲಿಲ್ಲ. ಆ ಉತ್ತರ ಇದ್ದಿತು, ಉತ್ತರವಿಲ್ಲದ ಆ ಪ್ರಶ್ನೆಗಳಿದ್ದುವು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕೋಟ್ಯಂತರ ರೂಪಾಯಿಗಳ ಜಾಹೀರಾತಿನ ಎದುರಿನಲ್ಲಿ ಒಂದು ಜಗಲಿಯ ಐದಾರು ಜನರಿಂದ ಆಗುವುದೇನು? ಆಕ್ಷೇಪವು ಯುಕ್ತವಾದುದೇ. ಪಕ್ಷಗಳ ಖರ್ಚಿಗೂ ಮಿತಿಯನ್ನು ಕಟ್ಟಬೇಕು. ಮೊಬೈಲಿನ ಸಂದೇಶಕ್ಕೂ ಕರಪತ್ರದಂತೆ ಹೊಣೆಗಾರನ ಹೆಸರಿರಬೇಕು. ಇವುಗಳಿಗಾಗಿ ನಾವು ಒತ್ತಾಯಿಸಲೇಬೇಕು. ಆದರೆ ಕಾಯಿದೆಯು ಕೂಗನ್ನು ತಗ್ಗಿಸಬಲ್ಲದೇ ಹೊರತು ಕೇಳುವವನನ್ನು ಸೃಷ್ಟಿಸಲಾರದು. ಜಲ್ಪ ವಿತಂಡೆಗಳನ್ನು ನ್ಯಾಯಸೂತ್ರಕಾರರು ಸಸಿಯನ್ನು ಕಾಯುವ ಮುಳ್ಳಿನ ಬೇಲಿಗೆ ಹೋಲಿಸಿದ್ದಾರೆ. ಬೇಲಿಯ ಮುಳ್ಳು ನಮ್ಮ ಕಾಲಿಗೂ ಚುಚ್ಚಿದೆ, ನಿಜ. ಆದರೆ ಒಳಗಿರುವ ಸಸಿಗೆ ನೀರೆರೆಯಬೇಕಾದವರೇ ಮುಳ್ಳಿಗೆ ಅಂಜಿ ಹಿಂದಿರುಗಿದರೆ, ಸ್ವಲ್ಪ ಕಾಲದಲ್ಲಿ ಬೇಲಿ ಮಾತ್ರವೇ ಉಳಿಯುವುದು.

ನಮ್ಮ ಮಿತ್ರರು ಈ ಪತ್ರಿಕೆಯನ್ನು ತಪ್ಪದೆ ಓದುವವರು. ಅಂದು ನಾನು ತಲೆದೂಗಿದುದು ತಪ್ಪಾಯಿತೆಂದು ಅವರಲ್ಲಿ ಒಪ್ಪಿಕೊಳ್ಳುತ್ತೇನೆ. ಅವರ ಜುಗುಪ್ಸೆಯು ಸಜ್ಜನಿಕೆಯಿಂದ ಹುಟ್ಟಿದುದು. ಆದರೆ ಸಜ್ಜನರು ತೆರವುಮಾಡಿದ ಆಸನವು ಬರಿದಾಗಿ ಉಳಿಯುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಮೊದಲ ಆಟೋರಿಕ್ಷಾ ಕೂಗಿಕೊಂಡು ಬಂದ ದಿನ ಅವರು ದಯಮಾಡಿ ನಮ್ಮ ಜಗಲಿಗೆ ಬರಬೇಕು. ಕಾಫಿ ನಮ್ಮದು, ಮೊದಲನೆಯ ಪ್ರಶ್ನೆ ಅವರದಾಗಲಿ.